ಹೆಸರು ತೊರೆದು ಒಂದಾದವರು

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಎಂಟು ದಿನಗಳ ಕಾಲ ಧರ್ಮಸಭೆಯು ಕ್ರೈಸ್ತರ ಐಕ್ಯಕ್ಕಾಗಿ ವಿಶೇಷವಾಗಿ ಪ್ರಾರ್ಥಿಸುತ್ತದೆ. ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯ ಸಮಯಕ್ಕೆ ಈ ಉದ್ದೇಶಕ್ಕಾಗಿ ಒಂದು ಬಿನ್ನಹ ಸೇರುತ್ತದೆ. ನಾವೂ ಭಕ್ತಿಯಿಂದ ದನಿಗೂಡಿಸುತ್ತೇವೆ. ಆದರೆ ಪೂಜೆ ಮುಗಿದು ದೇವಾಲಯದ ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ನಮ್ಮ ಮನಸ್ಸಿನಿಂದ ಮರೆಯಾಗಿರುತ್ತದೆ. ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ ಮತ್ತೊಂದು ದೇವಾಲಯದ ಗಂಟೆ ಬಾರಿಸುತ್ತಿರುತ್ತದೆ. ಕೈ ಹಿಡಿದು ನಡೆಯುವ ಮಗು ಕೇಳುತ್ತದೆ: "ಅಪ್ಪಾ, ಅಲ್ಲಿಯೂ ಯೇಸುಸ್ವಾಮಿಯೇ ಅಲ್ಲವೇ ಇರುವುದು? ಮತ್ತೆ ನಾವೇಕೆ ಅಲ್ಲಿಗೆ ಹೋಗುವುದಿಲ್ಲ?"

"ಅವರು ಪ್ರೊಟೆಸ್ಟೆಂಟರು ಮಗೂ" ಎಂಬ ಒಂದು ಮಾತಿನಲ್ಲಿ ನಾವು ಉತ್ತರ ಮುಗಿಸುತ್ತೇವೆ. ಆ ಉತ್ತರ ಸುಳ್ಳಲ್ಲ. ಆದರೆ ಅದು ಒಂದು ದೊಡ್ಡ ಚರಿತ್ರೆಯನ್ನೇ ಮುಚ್ಚಿಬಿಡುತ್ತದೆ. 'ಅವರು' ಎಂದು ನಾವು ಒಟ್ಟಾಗಿ ಕರೆಯುವ ಆ ನೆರೆಹೊರೆಯ ಜನ ಒಂದು ಕಾಲದಲ್ಲಿ ಒಂದಾಗಿರಲಿಲ್ಲ. ಅವರಲ್ಲೇ ನಾಲ್ಕಾರು ಹೆಸರುಗಳಿದ್ದವು, ನಾಲ್ಕಾರು ಆಡಳಿತಗಳಿದ್ದವು. ಒಂದು ಪಂಗಡದ ಬೋಧಕನನ್ನು ಇನ್ನೊಂದು ಪಂಗಡದವರು ತಮ್ಮ ಸಂಸ್ಕಾರಕ್ಕೆ ಒಪ್ಪದಂಥ ಗೋಡೆಗಳಿದ್ದವು. ಆ ಗೋಡೆಗಳನ್ನು ಅವರು ಇಳಿಸಿದ್ದು ನಮ್ಮ ಈ ದಕ್ಷಿಣ ಭಾರತದ ಮಣ್ಣಿನಲ್ಲೇ. 1947ರಲ್ಲಿ ಹುಟ್ಟಿದ ಆ ಹೊಸ ಸಭೆಯೇ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ದಕ್ಷಿಣ ಭಾರತ ಸಭೆ. ಸಿ.ಎಸ್.ಐ. ಎಂಬ ಮೂರಕ್ಷರಗಳಿಂದ ನಮಗೆಲ್ಲ ಪರಿಚಿತವಾದ ಈ ಸಭೆಯ ವೈಶಿಷ್ಟ್ಯ ಯಾವುದು, ಕಥೋಲಿಕ ಕುಟುಂಬಗಳಾದ ನಾವು ಅದನ್ನು ಏಕೆ ಅರಿತಿರಬೇಕು ಎಂಬುದನ್ನು ಈ ವಾರ ಯೋಚಿಸೋಣ.

ಊರು ಯಾವುದೋ ಪಂಗಡ ಅದು

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪ್ ಮತ್ತು ಅಮೆರಿಕಗಳಿಂದ ಬಂದ ಪ್ರೊಟೆಸ್ಟೆಂಟ್ ಮಿಷನರಿ ಸಂಘಗಳು ಒಬ್ಬರ ಕ್ಷೇತ್ರಕ್ಕೆ ಇನ್ನೊಬ್ಬರು ಕಾಲಿಡದಂತೆ ಸೀಮೆಗಳನ್ನು ಹಂಚಿಕೊಂಡು ದುಡಿಯುತ್ತಿದ್ದವು. ನಮ್ಮ ಕನ್ನಡ ನಾಡನ್ನೇ ನೋಡಿರಿ. ಮಂಗಳೂರು, ಧಾರವಾಡಗಳ ಕಡೆ ಜರ್ಮನ್ ಭಾಷೆಯ ಬಾಸೆಲ್ ಮಿಷನ್ನಿನವರು. ಮೈಸೂರು ಸಂಸ್ಥಾನದಲ್ಲಿ ಮುಖ್ಯವಾಗಿ ಇಂಗ್ಲೆಂಡಿನ ವೆಸ್ಲಿಯನ್ ಮೆಥೋಡಿಸ್ಟರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಇಂಗ್ಲಿಷ್ ಅಧಿಕಾರಿಗಳಿಗೆ ಆಂಗ್ಲಿಕನ್ ಸಭೆ, ಸ್ಕಾಟ್ಲೆಂಡಿನವರಿಗೆ ಪ್ರೆಸ್ಬಿಟೇರಿಯನ್ ಸಭೆ.

ಹೀಗಾಗಿ ಒಬ್ಬ ಕನ್ನಡಿಗ ಕ್ರೈಸ್ತನಾದಾಗ ಅವನು ಯಾವ ಪಂಗಡದವನಾಗಬೇಕೆಂಬುದನ್ನು ಅವನ ವಿವೇಚನೆಯಾಗಲಿ ಅಂತಃಕರಣವಾಗಲಿ ನಿರ್ಧರಿಸಲಿಲ್ಲ. ಅವನು ಹುಟ್ಟಿದ ಊರು ನಿರ್ಧರಿಸಿತು. ತುಮಕೂರಿನವನು ಮೆಥೋಡಿಸ್ಟನಾದ, ಮಂಗಳೂರಿನವನು ಬಾಸೆಲ್ ಮಿಷನ್ನಿನವನಾದ, ಬಳ್ಳಾರಿಯವನು ಲಂಡನ್ ಮಿಷನ್ನಿನವನಾದ. ಇಂಗ್ಲೆಂಡಿನ ರಾಜರು ಮತ್ತು ಸುಧಾರಕರ ನಡುವೆ, ಸ್ಕಾಟ್ಲೆಂಡಿನ ಹಿರಿಯರು ಮತ್ತು ಬಿಷಪರ ನಡುವೆ ನಡೆದ ಜಗಳಗಳು ಇವನ ಅಜ್ಜನಿಗಾಗಲಿ ಮುತ್ತಜ್ಜನಿಗಾಗಲಿ ಗೊತ್ತಿರಲಿಲ್ಲ. ಆದರೂ ಆ ಜಗಳಗಳ ಫಲ ಇವನ ಪಾಲಿಗೆ ಬಂತು. ಹೊಟ್ಟೆಪಾಡಿಗಾಗಿ ಒಂದೇ ನಗರಕ್ಕೆ ಬಂದು ಸೇರಿದ ಇಬ್ಬರು ಕ್ರೈಸ್ತರು ಭಾನುವಾರ ಬೇರೆ ಬೇರೆ ಬಾಗಿಲುಗಳಲ್ಲಿ ಪ್ರವೇಶಿಸುವಂತಾಯಿತು.

ಬೆಂಗಳೂರಿನ ನಾಲ್ಕು ಹಳೆಯ ದೇವಾಲಯಗಳನ್ನು ಬಲ್ಲವರಿಗೆ ಇದು ಸುಲಭವಾಗಿ ಮನದಟ್ಟಾದೀತು. ಸಂತ ಮಾರ್ಕರ ಪ್ರಧಾನಾಲಯ ಆಂಗ್ಲಿಕನರದು. ಕಬ್ಬನ್ ರಸ್ತೆಯ ಸಂತ ಆಂಡ್ರೂಸರ ಚರ್ಚು ಸ್ಕಾಟಿಷ್ ಪ್ರೆಸ್ಬಿಟೇರಿಯನರದು. ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನರದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನವರದು. ಕಟ್ಟಿಸುವಾಗ ನಾಲ್ಕಕ್ಕೂ ನಾಲ್ಕು ಹೆಸರುಗಳಿದ್ದವು. ಇಂದು ನಾಲ್ಕೂ ಒಂದೇ ಸಭೆಯ ಒಂದೇ ಧರ್ಮಪ್ರಾಂತಕ್ಕೆ ಸೇರಿವೆ. ಮೊಗ್ಲಿಂಗ್ ಮತ್ತು ಕಿಟ್ಟೆಲರಂಥವರನ್ನು ಕನ್ನಡಕ್ಕೆ ಕೊಟ್ಟ ಬಾಸೆಲ್ ಮಿಷನ್ನಿನ ಮಂಗಳೂರು ಬಲ್ಮಠದ ಶಾಂತಿ ದೇವಾಲಯವೂ ಅದೇ ಸಭೆಯದಾಗಿದೆ. ಕೆಲವರು ಮೊದಲೇ ಬಂದರು, ಕೆಲವರು ತಡವಾಗಿ ಬಂದರು, ಆದರೆ ಬಂದರು.

ತರಂಗಂಬಾಡಿಯ ಮಾತು

ಈ ಐಕ್ಯದ ಆಸೆಯನ್ನು ದೂರದ ಯಾವುದೋ ಮಹಾನಗರದ ಕಚೇರಿ ಹುಟ್ಟಿಸಲಿಲ್ಲ. 1908ರಲ್ಲಿ ದಕ್ಷಿಣದ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದುದು ಮೊದಲ ಹೆಜ್ಜೆ. ಐಕ್ಯಕ್ಕಾಗಿ ಜನವರಿಯ ಎಂಟು ದಿನಗಳ ಪ್ರಾರ್ಥನೆ ಅಮೆರಿಕದಲ್ಲಿ ಆರಂಭವಾದುದೂ ಅದೇ ವರ್ಷವೆಂಬುದು ಮನನೀಯ ಸಂಗತಿ. ಮುಂದೆ 1919ರ ಮೇ ತಿಂಗಳಲ್ಲಿ ತಮಿಳುನಾಡಿನ ಕಡಲತಡಿಯ ತರಂಗಂಬಾಡಿಯಲ್ಲಿ ಮೂವತ್ತಮೂರು ಮಂದಿ ಸಭಾಸೇವಕರು ಕೂಡಿದರು. ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಭಾರತೀಯರು. 1706ರಲ್ಲಿ ಪ್ರಥಮ ಪ್ರೊಟೆಸ್ಟೆಂಟ್ ಮಿಷನರಿಗಳು ಬಂದಿಳಿದ ಜಾಗವೂ ಅದೇ ತರಂಗಂಬಾಡಿ.

ಅಲ್ಲಿ ಅವರು ಹೊರಡಿಸಿದ ಹೇಳಿಕೆಯ ಸಾರ ಸರಳವಾಗಿತ್ತು. ಈ ಒಡಕುಗಳನ್ನು ನಾವು ಮಾಡಿದ್ದಲ್ಲ, ಅವು ಹೊರಗಿನಿಂದ ಬಂದು ನಮ್ಮ ಮೇಲೆ ಕುಳಿತಿವೆ. ಇವುಗಳನ್ನು ಹೊತ್ತುಕೊಂಡು ಇಷ್ಟು ದೊಡ್ಡ ದೇಶಕ್ಕೆ ಶುಭಸಂದೇಶ ಸಾರುವ ಬಲ ನಮಗಿಲ್ಲ ಎಂಬುದೇ ಅದು. ದುರ್ಬಲರಾದವರು ತಮ್ಮ ದೌರ್ಬಲ್ಯವನ್ನು ಒಪ್ಪಿಕೊಂಡ ಮಾತು ಅದಾಗಿತ್ತು. ಆದ್ದರಿಂದಲೇ ಅದಕ್ಕೆ ಬಲವಿತ್ತು.

ಈ ಕಾರ್ಯದ ಮುಂದಾಳುಗಳಲ್ಲಿ ಒಬ್ಬರು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯನವರು. ತಿರುನೆಲ್ವೇಲಿ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ, 1912ರಲ್ಲಿ ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪರಾದವರು. ಇಂದಿನ ತೆಲಂಗಾಣದ ದೋರ್ನಕಲ್ಲಿನಲ್ಲಿ ಅವರು ಕಟ್ಟಿಸಿದ ಪ್ರಧಾನಾಲಯ 1939ರಲ್ಲಿ ಪ್ರತಿಷ್ಠೆಗೊಂಡಿತು. ದೇಗುಲದ ಕಂಬಗಳು, ಮಸೀದಿಯ ಗುಮ್ಮಟ ಎರಡನ್ನೂ ನೆನಪಿಗೆ ತರುವ ಆ ಕಟ್ಟಡವನ್ನು ನೋಡಿದವರಿಗೆ, ಕ್ರಿಸ್ತನ ಮನೆಯನ್ನು ಈ ನೆಲದ ಕಲ್ಲಿನಿಂದಲೇ ಕಟ್ಟಬೇಕೆಂಬ ಅವರ ಹಂಬಲ ಅರ್ಥವಾಗುತ್ತದೆ. ಐಕ್ಯಕ್ಕಾಗಿ ಕಾಲು ಶತಮಾನ ದುಡಿದ ಅವರು 1945ರ ಜನವರಿ 1ರಂದು ದೈವಾಧೀನರಾದರು. ಮೋಶೆಗಾದಂತೆ ಅವರಿಗೂ ವಾಗ್ದತ್ತ ನಾಡು ದೂರದಿಂದ ಕಂಡಿತೇ ಹೊರತು ಕಾಲಿಡಲು ದೊರೆಯಲಿಲ್ಲ.

ಇಪ್ಪತ್ತೆಂಟು ವರ್ಷಗಳ ತಾಳ್ಮೆ

ತರಂಗಂಬಾಡಿಯಿಂದ 1947ರವರೆಗೆ ಇಪ್ಪತ್ತೆಂಟು ವರ್ಷ ಚರ್ಚೆ ನಡೆಯಿತು. ಕಗ್ಗಂಟಾಗಿದ್ದುದು ಬಿಷಪರ ಪ್ರಶ್ನೆ. ಪ್ರೇಷಿತರ ಕಾಲದಿಂದ ಕೈಯಿಂದ ಕೈಗೆ ಬಂದ ಬಿಷಪರ ಅಭಿಷೇಕದ ಪರಂಪರೆಯನ್ನು ಬಿಟ್ಟು ಸಭೆಯಿಲ್ಲ ಎಂಬುದು ಅನೇಕ ಆಂಗ್ಲಿಕನರ ನಿಲುವು. ಬಿಷಪರಿಲ್ಲದೆಯೇ ನಾವು ಕ್ರಿಸ್ತನ ಸಭೆಯಾಗಿ ಬಾಳಿಲ್ಲವೇ ಎಂಬುದು ಉಳಿದವರ ಪ್ರಶ್ನೆ. ಹಾಗಾದರೆ ಬಿಷಪರ ಕೈಯಿಂದ ದೀಕ್ಷೆ ಪಡೆಯದ ನೂರಾರು ಬೋಧಕರ ಗತಿಯೇನು? ಅವರಿಗೆ ಮತ್ತೆ ದೀಕ್ಷೆ ಕೊಡುವುದೆಂದರೆ ಅವರು ಈವರೆಗೆ ಮಾಡಿದ ಸೇವೆಯನ್ನೇ ಅಲ್ಲಗಳೆದಂತಲ್ಲವೇ?

ಕೊನೆಗೆ ಅವರು ಕಂಡುಕೊಂಡ ದಾರಿ ಹೀಗಿತ್ತು. ಹೊಸ ಸಭೆಯಲ್ಲಿ ಬಿಷಪರಿರಬೇಕು. ಮುಂದಿನ ಎಲ್ಲ ದೀಕ್ಷೆಗಳೂ ಬಿಷಪರ ಕೈಯಿಂದಲೇ ನಡೆಯಬೇಕು. ಆದರೆ ಐಕ್ಯದ ದಿನ ಇರುವ ಎಲ್ಲ ಬೋಧಕರನ್ನೂ ಮರುದೀಕ್ಷೆಯಿಲ್ಲದೆ ಹಾಗೆಯೇ ಒಪ್ಪಿಕೊಳ್ಳಬೇಕು. ಯಾವ ಸಭೆಯ ಮೇಲೂ ಅದು ಮನಸಾರೆ ಒಪ್ಪದ ಬೋಧಕನನ್ನಾಗಲಿ ಆರಾಧನಾ ವಿಧಿಯನ್ನಾಗಲಿ ಹೇರಬಾರದು. ಮೂವತ್ತು ವರ್ಷಗಳಲ್ಲಿ ಎಲ್ಲರೂ ಕೂಡಿ ಬೆಳೆದು ಒಂದೇ ಹದಕ್ಕೆ ಬರುವೆವೆಂಬ ವಿಶ್ವಾಸವಿರಬೇಕು.

ಎಲ್ಲವೂ ಸರಿಹೋದ ಮೇಲೆ ಒಂದಾಗೋಣ ಎಂದು ಅವರು ಹೇಳಲಿಲ್ಲ. ಒಂದಾಗಿ ಬಾಳುತ್ತ ಸರಿಮಾಡಿಕೊಳ್ಳೋಣ ಎಂದರು. ಕೂಡಿಬಾಳುವ ಕುಟುಂಬಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಹೊಸ ಸೊಸೆ ಬಂದ ದಿನವೇ ಎಲ್ಲರ ರುಚಿ, ಎಲ್ಲರ ರೀತಿ ಒಂದಾಗುವುದಿಲ್ಲ. ಒಂದೇ ಒಲೆಯ ಅಡುಗೆ ಉಂಡು ಉಂಡು ಒಂದಾಗುತ್ತವೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜರ ಪ್ರಧಾನಾಲಯದಲ್ಲಿ ತಿರುವಾಂಕೂರು-ಕೊಚ್ಚಿಯ ಬಿಷಪ್ ಸಿ.ಕೆ. ಜೇಕಬರ ನೇತೃತ್ವದಲ್ಲಿ ಐಕ್ಯದ ಘೋಷಣೆ ನೆರವೇರಿತು. ದಕ್ಷಿಣದ ಆಂಗ್ಲಿಕನ್ ಧರ್ಮಪ್ರಾಂತಗಳು, ಮೆಥೋಡಿಸ್ಟರು, ದಕ್ಷಿಣ ಭಾರತ ಸಂಯುಕ್ತ ಸಭೆ ಈ ಮೂರೂ ತಮ್ಮ ಹಳೆಯ ಹೆಸರುಗಳನ್ನು ಇಳಿಸಿಟ್ಟವು. ಸುಮಾರು ಹತ್ತು ಲಕ್ಷ ಕ್ರೈಸ್ತರು, ಹದಿನಾಲ್ಕು ಧರ್ಮಪ್ರಾಂತಗಳು. ಅದೇ ದಿನ ಒಂಬತ್ತು ಮಂದಿ ಹೊಸ ಬಿಷಪರಿಗೆ ಅಭಿಷೇಕವಾಯಿತು. ಬಿಷಪರಿರುವ ಸಭೆ ಮತ್ತು ಬಿಷಪರಿಲ್ಲದ ಸಭೆಗಳು ಹೀಗೆ ಕೂಡಿದುದು ಹದಿನಾರನೆಯ ಶತಮಾನದ ಒಡಕಿನ ಅನಂತರ ಜಗತ್ತಿನಲ್ಲಿ ಅದೇ ಮೊದಲು.

ಕಾಲವನ್ನೂ ಗಮನಿಸಿರಿ. ದೇಶ ಸ್ವತಂತ್ರವಾಗಿ ಆರು ವಾರಗಳಷ್ಟೇ ಆಗಿತ್ತು. ಪಂಜಾಬು, ಬಂಗಾಳಗಳು ಇಬ್ಭಾಗವಾಗಿ, ಧರ್ಮದ ಹೆಸರಿನಲ್ಲಿ ಮನೆಮಠಗಳು ಉರಿಯುತ್ತಿದ್ದವು. ಎಲ್ಲೆಲ್ಲೂ ಗೆರೆ ಎಳೆಯುತ್ತಿದ್ದ ಆ ದಿನಗಳಲ್ಲಿ ದಕ್ಷಿಣದ ಈ ಚಿಕ್ಕ ಸಮುದಾಯವು ಗೆರೆ ಅಳಿಸುವ ಕೆಲಸ ಮಾಡಿತು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ನಂದ್ಯಾಲದ ಅನೇಕ ಆಂಗ್ಲಿಕನರು ಅಂದು ಹೊರಗೇ ಉಳಿದರು. ಇಂಗ್ಲೆಂಡಿನಲ್ಲಿ ಪ್ರಬಲ ವಿರೋಧವೆದ್ದಿತ್ತು, ಕವಿ ಟಿ.ಎಸ್. ಎಲಿಯಟ್ ಈ ಯೋಜನೆಯನ್ನು ಖಂಡಿಸಿ 1943ರಲ್ಲಿ ಪುಸ್ತಿಕೆಯನ್ನೇ ಬರೆದಿದ್ದರು. ಹೆತ್ತ ಮನೆಯಾದ ಆಂಗ್ಲಿಕನ್ ಕೂಟವು ಹೊಸ ಸಭೆಯೊಡನೆ ಕೂಡಲೇ ಪೂರ್ಣ ಸಂಬಂಧ ಬೆಳೆಸಲಿಲ್ಲ. ನೆರೆಯವನೊಡನೆ ಒಂದಾಗಲು ಹೋಗಿ ತವರಿನ ಮುನಿಸನ್ನು ಅವರು ಹೊತ್ತರು.

ಒಂದೇ ಬಾವಿಯ ನೀರು

ಹೊಸ ಸಭೆಗೆ ಹೊಸ ಆರಾಧನಾ ವಿಧಿ ಬೇಕಾಯಿತು. 1950ರಲ್ಲಿ ಅವರು ಬಳಕೆಗೆ ತಂದ ಪ್ರಭುಭೋಜನದ ಕ್ರಮವನ್ನು ಕುರಿತು ಕೇಳಿದರೆ ಕಥೋಲಿಕರಾದ ನಮಗೆ ಅಚ್ಚರಿಯಾದೀತು. ಸಭಾಪಾಲಕರು ಮೇಜಿನ ಹಿಂದೆ, ಜನರಿಗೆ ಮುಖಮಾಡಿ ನಿಲ್ಲಬೇಕು. ಬೈಬಲನ್ನು ಎಲ್ಲರಿಗೂ ಕಾಣುವಂತೆ ಗೌರವದಿಂದ ತರಬೇಕು. ಕಾಣಿಕೆಯ ರೊಟ್ಟಿ ದ್ರಾಕ್ಷಾರಸಗಳನ್ನು ಜನರ ನಡುವಿನಿಂದ ತರಬೇಕು. ಕೇರಳದ ಸುರಿಯಾನಿ ಪರಂಪರೆಯಲ್ಲಿರುವಂತೆ ಶಾಂತಿಯ ವಂದನೆ ಕೈಯಿಂದ ಕೈಗೆ ಸಾಗಬೇಕು. ಕ್ರಿಸ್ತರ ಮರಣ, ಪುನರುತ್ಥಾನ ಮತ್ತು ಪುನರಾಗಮನಗಳನ್ನು ಜನರೇ ದನಿಯೆತ್ತಿ ಸಾರಬೇಕು.

ಆಗ ನಮ್ಮ ದೇವಾಲಯಗಳಲ್ಲಿ ಬಲಿಪೂಜೆ ಲತೀನ್ ಭಾಷೆಯಲ್ಲಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಸಂವಿಧಾನವನ್ನು ಪ್ರಕಟಿಸಿದ್ದು 1963ರ ಡಿಸೆಂಬರಿನಲ್ಲಿ. ಗುರುಗಳು ಜನರಿಗೆ ಮುಖಮಾಡಿ ಅರ್ಪಿಸಲು ಅನುವಾಗುವಂತೆ ಬಲಿಪೀಠವನ್ನು ಗೋಡೆಯಿಂದ ಬಿಡಿಸಿ ಇರಿಸಬಹುದೆಂದದ್ದು 1964ರ ನಿರ್ದೇಶನ. ಹೊಸ ಪೂಜಾವಿಧಿ ಜಾರಿಗೆ ಬಂದದ್ದು 1969ರ ಆಗಮನ ಕಾಲದಲ್ಲಿ. ಭಾರತದಲ್ಲಿ ನಾವು ಕೈಮುಗಿದು ಶಾಂತಿ ಹಂಚಿಕೊಳ್ಳುವ ರೂಢಿಯೂ ಆ ನವೀಕರಣದ ಫಲವೇ. ಇವನ್ನೆಲ್ಲ ಅವರಿಂದ ನಾವು ಕಲಿತೆವೆಂದು ಹೇಳಿದರೆ ತಪ್ಪಾಗುತ್ತದೆ. ಆದಿ ಧರ್ಮಸಭೆಯ ಆರಾಧನೆಯೆಂಬ ಒಂದೇ ಹಳೆಯ ಬಾವಿಯಿಂದ ಇಬ್ಬರೂ ನೀರು ಸೇದಿದೆವು. ಅವರ ಕೊಡ ನಮ್ಮದಕ್ಕಿಂತ ಕೆಲವು ವರ್ಷ ಮೊದಲು ಬಾವಿಗಿಳಿಯಿತು ಎಂದರೆ ನಮ್ಮ ಗೌರವಕ್ಕೆ ಕುಂದಿಲ್ಲ.

ಶಿಲುಬೆಯ ಸುತ್ತ ಅರಳಿದ ತಾವರೆ ಆ ಸಭೆಯ ಲಾಂಛನ. ಅದರ ಸುತ್ತ ಬರೆದಿರುವುದು, ತಮ್ಮವರೆಲ್ಲ ಒಂದಾಗಿರಲೆಂದು ಯೇಸುಸ್ವಾಮಿ ಪಾಡುಪಡುವ ಹಿಂದಿನ ರಾತ್ರಿ ಪಿತನಲ್ಲಿ ಮಾಡಿದ ಪ್ರಾರ್ಥನೆ. ಸಂತ ಯೊವಾನ್ನರ ಶುಭಸಂದೇಶದ ಹದಿನೇಳನೆಯ ಅಧ್ಯಾಯದಲ್ಲಿ ನಾವೂ ಅದನ್ನೇ ಓದುತ್ತೇವೆ.

ನಮ್ಮ ಮುಂದಿರುವ ನೋವು

ಸಿ.ಎಸ್.ಐ. ಸಭೆಯಲ್ಲಿ ಎಲ್ಲವೂ ಸುಗಮವೆಂದು ನಾವು ಹೇಳುತ್ತಿಲ್ಲ. ಆಸ್ತಿ ಮತ್ತು ಅಧಿಕಾರದ ವ್ಯಾಜ್ಯಗಳು ಅಲ್ಲಿಯೂ ನ್ಯಾಯಾಲಯದ ಮೆಟ್ಟಿಲು ಹತ್ತಿವೆ. ಜಾತಿಯ ಬೇರು ಅಲ್ಲಿಯೂ ಪೂರ್ತಿ ಒಣಗಿಲ್ಲ. ಆದರೆ ಬೆರಳು ತೋರುವ ಮುನ್ನ ನಮ್ಮ ಅಂಗಳವನ್ನು ನೋಡಿಕೊಳ್ಳಬೇಕು. ಒಬ್ಬರೇ ಜಗದ್ಗುರುಗಳ ಅಧೀನದಲ್ಲಿರುವ ನಮ್ಮಲ್ಲೇ ಪೂಜೆಯ ಭಾಷೆಗಾಗಿ ಮನಸ್ತಾಪಗಳು ನಡೆದಿಲ್ಲವೇ? ಗುರುಗಳು ಯಾವ ಕಡೆಗೆ ಮುಖಮಾಡಬೇಕೆಂಬ ಬಗ್ಗೆ 2021ರಲ್ಲಿ ಸಿರೋ-ಮಲಬಾರ್ ಧರ್ಮಸಭೆಯ ಸಿನೊಡ್ ಕೈಗೊಂಡ ತೀರ್ಮಾನದಿಂದಾಗಿ ಎರ್ನಾಕುಲಂ ಮಹಾಧರ್ಮಪ್ರಾಂತದಲ್ಲಿ ವರ್ಷಗಟ್ಟಲೆ ನಡೆದ ಕಲಹವನ್ನು ದೇಶವೇ ನೋಡಿತು. ಒಂದೇ ವಿಶ್ವಾಸವುಳ್ಳ ಮನೆಯೂ ಸಂಯಮ ತಪ್ಪಿದರೆ ಬಿರುಕು ಬಿಡುತ್ತದೆ.

ಸಿ.ಎಸ್.ಐ. ಸಭೆಗೂ ನಮಗೂ ನಡುವೆ ಇರುವ ಭೇದಗಳು ಸಣ್ಣವಲ್ಲ. ಜಗದ್ಗುರುಗಳ ಅಧಿಕಾರ, ಗುರುದೀಕ್ಷೆ, ಪರಮ ಪ್ರಸಾದ, ಸಂಸ್ಕಾರಗಳ ಸಂಖ್ಯೆ ಇವುಗಳಲ್ಲಿ ನಮ್ಮ ನಂಬಿಕೆ ಬೇರೆ. ಅವರಲ್ಲಿ ಮಹಿಳೆಯರಿಗೂ ದೀಕ್ಷೆಯುಂಟು. 2013ರಲ್ಲಿ ನಂದ್ಯಾಲ ಧರ್ಮಪ್ರಾಂತಕ್ಕೆ ಮಹಿಳೆಯೊಬ್ಬರು ಬಿಷಪರಾದರು. ಈ ಭೇದಗಳಿಂದಾಗಿ ನಾವು ಅವರ ಪ್ರಭುಭೋಜನದಲ್ಲಿ ಪಾಲುಗೊಳ್ಳುವುದಿಲ್ಲ. ಅವರು ನಮ್ಮ ಪರಮ ಪ್ರಸಾದ ಸ್ವೀಕರಿಸುವುದು ಸಾಮಾನ್ಯವಾಗಿ ಇಲ್ಲ.

ಇದು ಪುಸ್ತಕದಲ್ಲಿ ಓದಿದಾಗ ನಿಯಮ. ಮದುವೆಯ ಪೂಜೆಯಲ್ಲಿ ಕಂಡಾಗ ನೋವು. ಇಂದು ನಮ್ಮ ಮಕ್ಕಳು ಒಂದೇ ಕಾಲೇಜಿನಲ್ಲಿ ಓದುತ್ತಾರೆ, ಒಂದೇ ಕಚೇರಿಯಲ್ಲಿ ದುಡಿಯುತ್ತಾರೆ, ಮೆಚ್ಚಿ ಮದುವೆಯಾಗುತ್ತಾರೆ. ಧರ್ಮಾಧ್ಯಕ್ಷರ ಅನುಮತಿಯೊಡನೆ ವಿವಾಹವೂ ನಡೆಯುತ್ತದೆ. ಅಂಥ ವಿವಾಹದಲ್ಲಿ ಪೂಜೆಯನ್ನೂ ಅರ್ಪಿಸಿದರೆ, ಪರಮ ಪ್ರಸಾದದ ಹೊತ್ತಿಗೆ ವರನ ಕಡೆಯವರು ಸಾಲಾಗಿ ಎದ್ದು ಹೋಗುತ್ತಾರೆ. ವಧುವಿನ ತಾಯಿ ಮುಂದಿನ ಬೆಂಚಿನಲ್ಲಿ ಕುಳಿತೇ ಇರುತ್ತಾಳೆ. ಬೈಬಲನ್ನು ನಮಗಿಂತ ಹೆಚ್ಚು ಓದಿದ ತಾಯಿಯೂ ಆಗಿರಬಹುದು ಆಕೆ. ಆ ಬೆಂಚಿನ ಮೌನವೇ ಕ್ರೈಸ್ತರ ಒಡಕಿನ ನಿಜವಾದ ರೂಪ. ನಿಯಮವನ್ನು ಗಾಳಿಗೆ ತೂರಿ ಆ ನೋವನ್ನು ಮರೆಸುವುದು ಸರಿಯಲ್ಲ, ನಿಯಮವಿದೆಯಲ್ಲ ಎಂದು ನೋವೇ ಇಲ್ಲದವರಂತೆ ಇರುವುದೂ ಸರಿಯಲ್ಲ. ನೋಯುತ್ತಲೇ ಪ್ರಾರ್ಥಿಸಬೇಕಾಗಿದೆ.

ಆಶೆಗೆ ಆಧಾರವೂ ಉಂಟು. ನೀರಿನಿಂದ, ತ್ರಿತ್ವದ ಹೆಸರಿನಲ್ಲಿ ವಿಧಿವತ್ತಾಗಿ ಅವರು ನೀಡುವ ಜ್ಞಾನಸ್ನಾನವನ್ನು ನಮ್ಮ ಧರ್ಮಸಭೆ ಸಿಂಧುವೆಂದು ಒಪ್ಪುತ್ತದೆ; ಅದನ್ನು ಮತ್ತೆ ಕೊಡುವುದಿಲ್ಲ. ಮಹಾಸಭೆಯ 1964ರ ಐಕ್ಯದ ಆದೇಶಪತ್ರವು ಅವರನ್ನು ಸೋದರರೆಂದೇ ಕರೆಯಿತು. ದ್ವಿತೀಯ ಜಾನ್ ಪಾಲ್ ಜಗದ್ಗುರುಗಳು 1995ರಲ್ಲಿ ಐಕ್ಯವನ್ನು ಕುರಿತೇ ವಿಶ್ವಪತ್ರ ಬರೆದರು. ನೀತೀಕರಣದ ವಿಷಯವಾಗಿ 1999ರಲ್ಲಿ ಕಥೋಲಿಕರೂ ಲೂಥರನರೂ ಮಾಡಿಕೊಂಡ ಒಪ್ಪಂದಕ್ಕೆ 2006ರಲ್ಲಿ ಮೆಥೋಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಸಮ್ಮತಿಸಿದವು. ಸುಮಾರು ಐನೂರು ವರ್ಷಗಳ ವಾದದ ಒಂದು ಗಂಟು ಸಡಿಲವಾಯಿತು.

ಮನೆಗಳಲ್ಲಿ ಮಾಡಬಹುದಾದುದು

ವಿದ್ವಾಂಸರು ಗಂಟು ಬಿಡಿಸುತ್ತಿರಲಿ. ಕುಟುಂಬಗಳಲ್ಲಿ ನಾವು ಮಾಡಬಹುದಾದ ಕೆಲಸಗಳು ಸರಳವಾಗಿವೆ. ಕ್ರಿಸ್ಮಸ್ ತಿಂಡಿಯ ತಟ್ಟೆ ಬೇಲಿ ದಾಟುವಂತೆ ಈ ಎಂಟು ದಿನಗಳಲ್ಲಿ ಒಂದು ಸಂಜೆ ಪ್ರಾರ್ಥನೆಯೂ ಬೇಲಿ ದಾಟಲಿ; ನೆರೆಯ ಸಿ.ಎಸ್.ಐ. ಕುಟುಂಬವನ್ನು ಕರೆದು ಬೈಬಲಿನ ಒಂದು ಅಧ್ಯಾಯವನ್ನು ಕೂಡಿ ಓದೋಣ. ನಾವು 'ಶುಭಸಂದೇಶ' ಎಂಬಲ್ಲಿ ಅವರು 'ಸುವಾರ್ತೆ' ಎನ್ನುತ್ತಾರೆ. ನಾವು 'ಪ್ರಭು' ಎಂಬಲ್ಲಿ ಅವರು 'ಕರ್ತ' ಎನ್ನುತ್ತಾರೆ. ಕೇಳಿಸಿಕೊಳ್ಳುವವನು ಒಬ್ಬನೇ. ಅವರ ಮನೆಯಲ್ಲಿ ಸಾವಾದಾಗ ಅಂಗಳದಲ್ಲಿ ನಿಂತು ಮರಳದೆ, ಸಮಾಧಿಯವರೆಗೂ ಹೋಗಿ ಪ್ರಾರ್ಥಿಸೋಣ. ಅವರನ್ನು ಕುರಿತ ಹಗುರವಾದ ಮಾತು ನಮ್ಮ ಊಟದ ಮೇಜಿನಲ್ಲಿ ಮಕ್ಕಳ ಕಿವಿಗೆ ಬೀಳದಿರಲಿ.

ಈ ಸಭೆಯ ನಿಜವಾದ ವೈಶಿಷ್ಟ್ಯ ಅದರ ಹೊಸತನದಲ್ಲಿಲ್ಲ. ಹೊಸ ಸಭೆಗಳಿಗೆ ನಮ್ಮ ಊರುಗಳಲ್ಲಿ ಬರವಿಲ್ಲ. ಭಿನ್ನಾಭಿಪ್ರಾಯ ಬಂದಾಗಲೆಲ್ಲ ಮತ್ತೊಂದು ಫಲಕ ಏಳುತ್ತಿದೆ. ಒಡೆದು ಹೊಸದಾಗುವುದು ಸುಲಭ. ಕೂಡಿ ಹೊಸದಾಗುವುದು ದುರ್ಲಭ. ತಾತಂದಿರಿಂದ ಬಂದ ಪ್ರೀತಿಯ ಹೆಸರನ್ನು ನೆರೆಯವನಿಗಾಗಿ ಕೈಬಿಡುವುದು ಇನ್ನೂ ದುರ್ಲಭ. ಅದನ್ನು ನಮ್ಮ ನೆರೆಯವರು 1947ರಲ್ಲಿ ಮಾಡಿ ತೋರಿಸಿದರು. ಉತ್ತರದವರೂ 1970ರಲ್ಲಿ ನಾಗಪುರದಲ್ಲಿ ಚರ್ಚ್ ಆಫ್ ನಾರ್ತ್ ಇಂಡಿಯಾ ಆಗಿ ಅದೇ ಹಾದಿ ಹಿಡಿದರು.

ಮುಂದಿನ ಭಾನುವಾರ ಮಗು ಮತ್ತೆ ಅದೇ ಪ್ರಶ್ನೆ ಕೇಳಿದರೆ ನಾವು ಒಂದೇ ಮಾತಿನಲ್ಲಿ ಮುಗಿಸದಿರೋಣ. "ಹೌದು ಮಗೂ, ಅಲ್ಲಿಯೂ ಯೇಸುಸ್ವಾಮಿಯನ್ನೇ ಆರಾಧಿಸುತ್ತಾರೆ. ನಾವು ಇನ್ನೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವಂತಾಗಿಲ್ಲ, ಆಗಲೆಂದು ಬೇಡಿಕೊಳ್ಳುತ್ತಿದ್ದೇವೆ. ನೀನೂ ಬೇಡಿಕೋ" ಎಂದು ಹೇಳೋಣ. ಆಮೇಲೆ ಆ ಮಗುವಿನ ಜೊತೆಗೆ ನಾವೂ ಕೈಮುಗಿಯೋಣ.